ಮಾತಾಡಿದವರ ಹೆಸರು

ವಾರ್ಷಿಕೋತ್ಸವಕ್ಕೆ ಇನ್ನು ಮೂರು ವಾರ ಅನ್ನುವಾಗ ವರದಿಯ ಕಡತ ನನ್ನ ಮೇಜಿಗೆ ಬಂದು ಕೂರುತ್ತದೆ. ಕನ್ನಡ ಮೇಷ್ಟ್ರು ಅನ್ನುವ ಒಂದೇ ತಪ್ಪಿಗೆ ಹನ್ನೊಂದು ವರ್ಷದಿಂದ ಈ ಕೆಲಸ ನನಗೆ ಅಂಟಿಕೊಂಡಿದೆ. ಮಾಡುವ ಕ್ರಮ ಸುಲಭ. ಹೋದ ವರ್ಷದ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳುವುದು, ಇಸವಿ ಬದಲಿಸುವುದು, ಶಾಲಾ ನಾಯಕ ನಾಯಕಿಯರ ಹೆಸರು ಬದಲಿಸುವುದು, ಬಹುಮಾನದ ಪಟ್ಟಿ ತುಂಬುವುದು. ವಿದ್ಯಾರ್ಥಿ ನಾಯಕತ್ವ, ಕಲೆ, ಕ್ರೀಡೆ, ಸಮುದಾಯ ಸೇವೆ ಅಂತ ನಾಲ್ಕು ತಲೆಬರಹ. ಪ್ರತಿಯೊಂದರ ಕೊನೆಗೂ ‘ಸಕ್ರಿಯವಾಗಿ ಭಾಗವಹಿಸಿ ಶಾಲೆಯ ಕೀರ್ತಿಯನ್ನು ಹೆಚ್ಚಿಸಿರುತ್ತಾರೆ’ ಅನ್ನುವ ವಾಕ್ಯ. ಆ ವಾಕ್ಯ ನನ್ನದಲ್ಲ, ನನಗಿಂತ ಹಿಂದೆ ಇದ್ದವರು ಕಟ್ಟಿಸಿಹೋದದ್ದು. ನಾನು ಅದರಲ್ಲಿ ಬಾಡಿಗೆಗೆ ಇದ್ದೇನೆ ಅಷ್ಟೆ.

ಈ ಸಲ ಕೈ ಅಲ್ಲೇ ನಿಂತಿತು. ಎಲ್ಲ ತುಂಬಿದ ಮೇಲೆ ಒಮ್ಮೆ ಮೇಲಿನಿಂದ ಕೆಳಗೆ ಓದಿದೆ. ಸುಳ್ಳು ಒಂದೂ ಇರಲಿಲ್ಲ. ಬಹುಮಾನ ಬಂದದ್ದು ನಿಜ, ಗಿಡ ನೆಟ್ಟದ್ದು ನಿಜ, ಅತಿಥಿಗಳು ಬಂದು ಹಿತನುಡಿ ಹೇಳಿದ್ದೂ ನಿಜ. ಆದರೆ ನನ್ನ ಕಣ್ಣೆದುರು ನಡೆದ ವರ್ಷ ಮಾತ್ರ ಅದರಲ್ಲಿ ಇರಲಿಲ್ಲ. ಭಾಷಣದಲ್ಲಿ ಬಂದ ಹುಡುಗಿಯೇ ಪ್ರಬಂಧದಲ್ಲಿ, ಪ್ರಬಂಧದಲ್ಲಿ ಬಂದವಳೇ ಸಮೂಹಗಾನದಲ್ಲಿ, ಹೀಗೆ ಹದಿನೈದಿಪ್ಪತ್ತು ಹೆಸರುಗಳು ಸುತ್ತಿ ಸುತ್ತಿ ಬರುತ್ತಿದ್ದವು. ಮಿಕ್ಕ ನೂರಾರು ಮಕ್ಕಳು ‘ಇತರ ವಿದ್ಯಾರ್ಥಿಗಳು’. ಇದು ಹಳೆಯ ಕೊರಗು, ಎಲ್ಲ ಶಾಲೆಯಲ್ಲೂ ಇರುವಂಥದ್ದು, ಅದಕ್ಕಾಗಿ ನಾನು ನಿದ್ದೆ ಕೆಡಿಸಿಕೊಳ್ಳುವವನಲ್ಲ. ನನ್ನನ್ನು ಕಾಡಿದ್ದು ಬೇರೆ. ಈ ವರ್ಷ ಮಕ್ಕಳು ಮಾಡಿದ ಎರಡು ಕೆಲಸಗಳು ನಾಲ್ಕು ತಲೆಬರಹಗಳಲ್ಲಿ ಯಾವುದರ ಕೆಳಗೂ ಕೂರಲಿಲ್ಲ. ತುರುಕಿ ನೋಡಿದೆ. ಒಂದು ಕಡೆ ಕೈ ಹೊರಗೆ, ಇನ್ನೊಂದು ಕಡೆ ಕಾಲು ಹೊರಗೆ.

ಕರಿಹಲಗೆಯ ಮೂಲೆ

ಹೆಸರು ಬರೆಯುವ ಕೆಲಸ ನನಗೆ ಹೊಸದಲ್ಲ. ಏಳನೇ ತರಗತಿಯಲ್ಲಿ ನಾನು ಕ್ಲಾಸ್ ಲೀಡರ್. ಚುನಾವಣೆ ಗಿನಾವಣೆ ಏನೂ ಆಗಲಿಲ್ಲ, ಅಕ್ಷರ ದುಂಡಗಿದೆ ಅಂತ ಮೇಷ್ಟ್ರು ನನ್ನನ್ನು ನಿಲ್ಲಿಸಿದರು. ಮೇಷ್ಟ್ರು ಹೊರಗೆ ಹೋದಾಗ ಸೀಮೆಸುಣ್ಣ ಹಿಡಿದು ಹಲಗೆಯ ಮೂಲೆಯಲ್ಲಿ ‘ಮಾತಾಡಿದವರ ಹೆಸರು’ ಅಂತ ಬರೆದು ಅಡಿಗೆರೆ ಎಳೆಯುವುದು, ಆಮೇಲೆ ಬೇಟೆ. ಒಮ್ಮೆ ಮಾತಾಡಿದರೆ ಹೆಸರು, ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಒಂದು ಇಂಟು ಗುರುತು. ಎಷ್ಟು ಇಂಟೋ ಅಷ್ಟು ಏಟು. ಇದನ್ನು ಓದುತ್ತಿರುವ ನಿಮ್ಮಲ್ಲಿ ಅರ್ಧ ಜನ ಆ ಹಲಗೆಯ ಮೇಲೆ ಇದ್ದಿರಿ, ಇನ್ನು ಕೆಲವರು ನನ್ನ ಹಾಗೆ ಸೀಮೆಸುಣ್ಣ ಹಿಡಿದಿದ್ದಿರಿ. ಹಿಡಿದವರಿಗೆ ಗೊತ್ತಿರುತ್ತದೆ, ಆ ಸುಣ್ಣದ ತುಂಡಿಗೆ ಎಂಥ ಮತ್ತು ಇರುತ್ತದೆ ಅಂತ. ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳೆಯ ಒಂದು ದಿನ ಹಿಂದಿನ ಬೆಂಚಿನವನನ್ನು ರಬ್ಬರ್ ಕೇಳಿದ. ಮಾತು ಅಂದರೆ ಅಷ್ಟೇ. ಬರೆದೆ. ‘ಲೋ, ರಬ್ಬರ್ ಕೇಳಿದ್ದು ಕಣೋ’ ಅಂದ. ಅದೂ ಮಾತೇ ಅಲ್ಲವೇ? ಇಂಟು ಹಾಕಿದೆ. ಅವನು ನಕ್ಕ, ತಮಾಷೆ ಅಂದುಕೊಂಡ. ಇನ್ನೊಂದು ಇಂಟು.

ಮೇಷ್ಟ್ರು ಬಂದರು, ಹೊಡೆದರು, ಪಾಠ ಮುಂದುವರಿಯಿತು. ಅವನು ಅತ್ತಿದ್ದರೆ ಅಥವಾ ಸಂಜೆ ನನ್ನನ್ನು ಹಿಡಿದು ನಾಲ್ಕು ಬಾರಿಸಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಅವನು ಆ ವರ್ಷ ಪೂರ್ತಿ ಅದೇ ಬೆಂಚಿನಲ್ಲಿ, ಅದೇ ಜಾಗದಲ್ಲಿ ಕೂತು, ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಮಾತಾಡಿದರೆ ಹೆಸರು ಬರೆಯುವವನ ಜೊತೆ ಯಾರು ಮಾತಾಡುತ್ತಾರೆ? ವರ್ಷದ ಕೊನೆಗೆ ನನಗೆ ‘ಉತ್ತಮ ನಾಯಕ’ ಅಂತ ಒಂದು ಪ್ರಶಸ್ತಿ ಪತ್ರ ಸಿಕ್ಕಿತು. ಅದು ಈಗಲೂ ಅಟ್ಟದ ಮೇಲೆ ಯಾವುದೋ ಪೆಟ್ಟಿಗೆಯಲ್ಲಿದೆ, ಹುಡುಕಿ ತೆಗೆಯುವ ಮನಸ್ಸಿಲ್ಲ. ಆ ಗೆಳೆಯ ಎಷ್ಟೋ ವರ್ಷದ ಮೇಲೆ ಒಂದು ಮದುವೆಯಲ್ಲಿ ಸಿಕ್ಕ. ಹೆಂಡತಿಗೆ ನನ್ನನ್ನು ಪರಿಚಯಿಸಿದ್ದು ಹೀಗೆ: ‘ನಂಗೆ ಎರಡು ಇಂಟು ಹಾಕಿದ್ದ ಅಂತ ಹೇಳಿದ್ನಲ್ಲ, ಇವನೇ.’ ನಗುತ್ತಲೇ ಹೇಳಿದ. ಎರಡು ಅನ್ನುವ ಲೆಕ್ಕ ತಪ್ಪಿರಲಿಲ್ಲ.

ದೊಡ್ಡವರು ತಮ್ಮ ಬೆತ್ತವನ್ನು ಮಕ್ಕಳ ಕೈಯಲ್ಲಿಟ್ಟು ಅದಕ್ಕೆ ನಾಯಕತ್ವ ಅಂತ ಹೆಸರಿಡುವ ಈ ಪದ್ಧತಿಗೆ ಸಾಕಷ್ಟು ವಯಸ್ಸಾಗಿದೆ. ಇಂಗ್ಲೆಂಡಿನ ರಗ್ಬಿ ಶಾಲೆಗೆ 1828ರಿಂದ 1842ರವರೆಗೆ ಮುಖ್ಯಸ್ಥನಾಗಿದ್ದ ಥಾಮಸ್ ಆರ್ನಾಲ್ಡ್, ಮೇಲಿನ ತರಗತಿಯ ಹುಡುಗರ ಕೈಗೆ ಕೆಳಗಿನವರ ಶಿಸ್ತನ್ನು ಒಪ್ಪಿಸುವ ಕ್ರಮವನ್ನು ಗಟ್ಟಿ ಮಾಡಿದವನು. ಆಧುನಿಕ ಒಲಿಂಪಿಕ್ಸನ್ನು ಹುಟ್ಟುಹಾಕಿದ ಪಿಯರ್ ದ ಕುಬರ್ತಾಂಗೆ ಈ ಆರ್ನಾಲ್ಡ್ ಅಂದರೆ ಆರಾಧನೆ. ಹಾಗಾಗಿ ನಾಯಕ ಮತ್ತು ಮೈದಾನ ಎರಡೂ ಒಂದೇ ಮನೆಯಿಂದ ಹೊರಟು ಲೋಕದ ಶಾಲೆಗಳಿಗೆಲ್ಲ ಬಂದವು ಅಂದರೆ ತಪ್ಪಾಗಲಾರದು. ಬಿಲ್ಲೆ ಚುಚ್ಚಿಕೊಂಡು ಸಾಲು ನೇರ ಮಾಡಿಸುವ ಪುಟ್ಟ ಪೊಲೀಸರು ಆ ಮನೆಯ ಮರಿಮಕ್ಕಳು. ನಾನೂ ಅವರಲ್ಲಿ ಒಬ್ಬ.

‘ಹಾಗಾದ್ರೆ ನಾವ್ಯಾಕೆ ಕೂತಿದೀವಿ?’

ಈ ವರ್ಷ ವಿದ್ಯಾರ್ಥಿ ಸಂಘದ ಉಸ್ತುವಾರಿಯೂ ನನಗೇ ಬಿತ್ತು. ಜೂನ್ ಕೊನೆಗೆ ಚುನಾವಣೆ, ಬೆರಳಿಗೆ ಮಸಿ, ಮತಪೆಟ್ಟಿಗೆ, ಪ್ರಮಾಣವಚನ, ಎಲ್ಲ ಅಚ್ಚುಕಟ್ಟು. ಪತ್ರಿಕೆಗೆ ಫೋಟೋ ಹೋಯಿತು. ಗೆದ್ದ ನಾಯಕಿ ಹತ್ತನೇ ತರಗತಿಯ ಹುಡುಗಿ, ಮಾತು ಕಡಿಮೆ, ಭಾಷಣ ಸ್ಪರ್ಧೆಯಲ್ಲಿ ಎಂದೂ ನಿಂತವಳಲ್ಲ. ಮೊದಲ ಸಭೆಯಲ್ಲಿ ನಾನು ಜವಾಬ್ದಾರಿಗಳನ್ನು ಓದಿದೆ: ಪ್ರಾರ್ಥನೆಯ ಸಾಲು, ಸ್ವಚ್ಛತೆ, ತಡವಾಗಿ ಬಂದವರ ಪಟ್ಟಿ. ಆಕೆ ಕೈ ಎತ್ತಿ, ಹುಡುಗಿಯರ ಶೌಚಾಲಯದ ಚಿಲಕದ ವಿಷಯ ತೆಗೆದಳು. ಹೆಡ್ ಮಾಸ್ಟರಿಗೆ ಹೇಳೋಣ ಅಂದೆ. ವಾಲಿಬಾಲ್ ಅಂಕಣ ಸಂಜೆಹೊತ್ತು ಯಾವಾಗಲೂ ಶಾಲಾ ತಂಡದ ಕೈಯಲ್ಲೇ ಇರುತ್ತದೆ, ಬೇರೆಯವರಿಗೆ ಚೆಂಡು ಮುಟ್ಟಲೂ ಸಿಗುವುದಿಲ್ಲ ಅಂದಳು. ಪೀಟಿ ಮೇಷ್ಟ್ರನ್ನು ಕೇಳೋಣ ಅಂದೆ. ವಾರ್ಷಿಕೋತ್ಸವಕ್ಕೆ ಯಾವ ನಾಟಕ ಅಂತ ನಾವು ಆರಿಸಬಹುದಾ ಅಂದಳು. ಅದಕ್ಕೊಂದು ಸಮಿತಿ ಇದೆಯಲ್ಲಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಜಗಳದ ದನಿಯಲ್ಲಿ ಅಲ್ಲ, ಲೆಕ್ಕ ಅರ್ಥವಾಗದವರು ಕೇಳುವ ಹಾಗೆ ಕೇಳಿದಳು: ‘ಹಾಗಾದ್ರೆ ನಾವ್ಯಾಕೆ ಕೂತಿದೀವಿ ಸರ್?’

ಅವಳ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು, ಹೇಳಲಿಲ್ಲ. ರೋಜರ್ ಹಾರ್ಟ್ ಅನ್ನುವವರು 1992ರಲ್ಲಿ ಯುನಿಸೆಫ್‌ಗಾಗಿ ಮಕ್ಕಳ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ಬರೆದಿದ್ದರು. ಕೆಳಗಿನ ಮೂರು ಮೆಟ್ಟಿಲು ಏಣಿಯಲ್ಲಿ ಇದ್ದರೂ ಅವು ಪಾಲ್ಗೊಳ್ಳುವಿಕೆಯೇ ಅಲ್ಲ: ಮಕ್ಕಳನ್ನು ದಾಳವಾಗಿ ಬಳಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಲೆಕ್ಕಕ್ಕೆ ಕೂರಿಸುವುದು. ಯಾವುದೋ ತರಬೇತಿಯಲ್ಲಿ ಇದನ್ನು ಕೇಳಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ, ಪರೀಕ್ಷೆಗೆ ಬರೆದುಕೊಂಡ ಹಾಗೆ. ಆ ಮಧ್ಯಾಹ್ನ ಹನ್ನೆರಡು ಮಕ್ಕಳು ಬಿಲ್ಲೆ ಚುಚ್ಚಿಕೊಂಡು ನನ್ನೆದುರು ಎರಡನೇ ಮೆಟ್ಟಿಲಲ್ಲಿ ಕೂತಿದ್ದರು. ಕೂರಿಸಿದವನು ನಾನು.

ಇಲ್ಲಿ ಯಾನುಷ್ ಕೋರ್ಚಾಕ್ ನೆನಪಾಗುತ್ತಾನೆ. ವೈದ್ಯ, ಬರಹಗಾರ. 1912ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ತೆರೆದ ಅನಾಥಾಲಯವನ್ನು ಮೂವತ್ತು ವರ್ಷ ನಡೆಸಿ, 1942ರಲ್ಲಿ ನಾಜಿಗಳು ಆ ಮಕ್ಕಳನ್ನು ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಒಯ್ದಾಗ ಜೊತೆಯಲ್ಲೇ ಹೋದವನು. ಎಲ್ಲರೂ ಅವನ ಸಾವನ್ನು ಹೇಳುತ್ತಾರೆ. ನನಗೆ ಹೆಚ್ಚು ಬೆರಗು ಹುಟ್ಟಿಸುವುದು ಅವನ ಅನಾಥಾಲಯದ ನ್ಯಾಯಾಲಯ. ನ್ಯಾಯಾಧೀಶರು ಮಕ್ಕಳು. ಅಲ್ಲೂ ಹೆಸರು ಬರೆಸುತ್ತಿದ್ದರು, ಆದರೆ ಯಾರ ಮೇಲೆ ಬೇಕಾದರೂ ಬರೆಸಬಹುದಿತ್ತು, ದೊಡ್ಡವರ ಮೇಲೂ. ಆ ನ್ಯಾಯಸಂಹಿತೆಯ ಮೊದಲ ತೊಂಬತ್ತೊಂಬತ್ತು ಕಲಮುಗಳು ಒಂದಲ್ಲ ಒಂದು ಬಗೆಯಲ್ಲಿ ಕ್ಷಮಿಸುವಂಥವು, ತಪ್ಪು ಅಂತ ತೀರ್ಪು ಬರುವುದು ನೂರನೆಯದರಿಂದ. ಕೋರ್ಚಾಕನೇ ಆರು ತಿಂಗಳಲ್ಲಿ ಐದು ಸಲ ಆ ಕಟಕಟೆಯಲ್ಲಿ ನಿಂತನಂತೆ. ನನ್ನ ಹಲಗೆಗೂ ಅವನ ಹಲಗೆಗೂ ಇದ್ದ ವ್ಯತ್ಯಾಸ ಒಂದೇ: ನನ್ನ ಹಲಗೆಯ ಮೇಲೆ ಮೇಷ್ಟ್ರ ಹೆಸರು ಬರೆಯುವುದಕ್ಕೆ ಜಾಗವೇ ಇರಲಿಲ್ಲ.

ಎರಡು ಸಂಜೆ

ಚಿಲಕ ಎರಡು ವಾರದಲ್ಲಿ ಬಂತು. ಅಂಕಣದ ಕಥೆ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಹೇಗೋ ಹೆಡ್ ಮಾಸ್ಟರನ್ನು ಒಪ್ಪಿಸಿ, ಸಂಜೆಯ ಮೈದಾನ ಯಾರಿಗೆ ಯಾವಾಗ ಅನ್ನುವ ಒಂದೇ ಒಂದು ವಿಷಯವನ್ನು ಸಂಘಕ್ಕೆ ಬಿಟ್ಟುಕೊಡಿಸಿದೆ. ಮಕ್ಕಳು ಮೂರು ದಿನ ಕಿತ್ತಾಡಿ ತೀರ್ಮಾನಿಸಿದರು: ವಾರದ ಆರು ಸಂಜೆಯಲ್ಲಿ ನಾಲ್ಕು ತಂಡಕ್ಕೆ, ಎರಡು ಯಾರು ಬೇಕಾದರೂ ಬರಬಹುದು. ಪೀಟಿ ಮೇಷ್ಟ್ರು ಸಿಡಿದರು. ‘ಆಟ ಅಂದ್ರೆ ಪ್ರಜಾಪ್ರಭುತ್ವ ಅಲ್ಲ ಸ್ವಾಮಿ’ ಅಂದರು ನನ್ನನ್ನು ಸ್ಟಾಫ್ ರೂಮಿನಲ್ಲಿ ನಿಲ್ಲಿಸಿ. ಅವರದು ಸುಮ್ಮನೆ ಹಟ ಅಂತ ನಾನು ಹೇಳಲಾರೆ. ಒಂದು ತಂಡ ಕಟ್ಟುವುದು ಅಂದರೆ ಏನು ಅಂತ ಗೊತ್ತಿರುವ ಮನುಷ್ಯ ಅವರು, ಬೆಳಗ್ಗೆ ಆರಕ್ಕೆ ಬಂದು ಸ್ವಂತ ಕೈಯಿಂದ ಅಂಕಣಕ್ಕೆ ಸುಣ್ಣ ಹಾಕುವವರು. ಆಟದಲ್ಲಿ ಚುರುಕಿರುವವರನ್ನು ಆರಿಸುವುದೇ ತಮ್ಮ ಧರ್ಮ ಅಂದರು. ನಾನು ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿಯ ವಿಷಯ ತೆಗೆದೆ. 1980ರ ದಶಕದಲ್ಲಿ ಅವರು ಐಸ್ ಹಾಕಿ ಆಟಗಾರರ ಹುಟ್ಟುದಿನಗಳನ್ನು ನೋಡಿದರು. ವಯೋಮಿತಿಯ ಲೆಕ್ಕ ಜನವರಿ 1ಕ್ಕೆ ಶುರು, ಮೇಲಿನ ತಂಡಗಳಲ್ಲಿ ನೋಡಿದರೆ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರದೇ ಗುಂಪು, ಕೊನೆಯ ತಿಂಗಳುಗಳವರು ಬಹಳ ಕಡಿಮೆ. ಎಳೆಯ ವಯಸ್ಸಿನಲ್ಲಿ ಏಳೆಂಟು ತಿಂಗಳು ದೊಡ್ಡವನಾಗಿರುವುದೇ ‘ಚುರುಕು’ ಅನ್ನಿಸಿಕೊಳ್ಳುತ್ತದೆ. ಆರಿಸಿಕೊಂಡವನಿಗೆ ಹೆಚ್ಚು ಆಟ ಸಿಗುತ್ತದೆ, ಹೆಚ್ಚು ಆಟ ಸಿಕ್ಕವನು ನಿಜವಾಗಿಯೂ ಚುರುಕಾಗುತ್ತಾನೆ. ಪೀಟಿ ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು, ‘ಕೆನಡಾದವರು ಬಂದು ನಮ್ ಕಪ್ ಗೆದ್ದುಕೊಡ್ತಾರಾ?’ ಅಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಆ ಎರಡು ಸಂಜೆ ನಾನು ಕಾಪಿ ತಿದ್ದುವ ನೆಪದಲ್ಲಿ ಮೈದಾನದ ಕಡೆಯ ಕಿಟಕಿಯಲ್ಲಿ ಕೂರುತ್ತಿದ್ದೆ. ಮೊದಲ ವಾರ ಬಂದವರು ಆರನೇ ತರಗತಿಯ ಕೆಲವು ಹುಡುಗಿಯರು. ಚೆಂಡು ಬಲೆ ದಾಟುತ್ತಿರಲಿಲ್ಲ. ಎರಡನೆಯ ವಾರ ಒಬ್ಬಳು ತರಗತಿಯಿಂದ ಸೀಮೆಸುಣ್ಣ ತಂದು, ಬಲೆಗೆ ಹತ್ತಿರವಾಗಿ ಹೊಸದೊಂದು ಗೆರೆ ಎಳೆದಳು, ಸರ್ವಿಸ್ ಅಲ್ಲಿಂದ. ದಾಟಿತು. ಆಮೇಲೆ ಪ್ರತಿ ವಾರ ಆ ಗೆರೆ ಒಂದು ಹೆಜ್ಜೆ ಹಿಂದೆ ಸರಿಯುತ್ತ ಹೋಯಿತು. ಹಳೆಯ ಗೆರೆಗಳು ಪೂರ್ತಿ ಅಳಿಯದೆ ಅಂಕಣದ ಆ ತುದಿಯಲ್ಲಿ ಒಂದರ ಹಿಂದೆ ಒಂದು ಮಸುಕಾಗಿ ಉಳಿದಿದ್ದವು. ಎಂಟನೆಯ ತರಗತಿಯ ದಪ್ಪ ಹುಡುಗನೊಬ್ಬ ಅಂಪೈರ್ ಆಗಿ ನಿಂತ. ಅವನಿಗೆ ಆಡುವುದಕ್ಕಿಂತ ಸೀಟಿ ಊದುವುದೇ ಇಷ್ಟ, ಅವನ ತೀರ್ಪುಗಳು ಭಯಂಕರ.

ನವೆಂಬರಿನಲ್ಲಿ ಶಾಲಾ ತಂಡ ಪಂದ್ಯಾವಳಿಗೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂತು. ಹಿಂದಿನ ವರ್ಷ ಸೆಮಿಫೈನಲ್ ಆಡಿದ ತಂಡ. ಆ ಎರಡು ಸಂಜೆಗಳಿಂದಲೇ ಸೋತರೋ, ಎದುರಿನವರು ಚೆನ್ನಾಗಿ ಆಡಿದರೋ, ಯಾರಿಗೆ ಗೊತ್ತು? ತಂಡದ ನಾಯಕನಿಗೆ ಮಾತ್ರ ಯಾವ ಸಂಶಯವೂ ಇರಲಿಲ್ಲ. ಸಂಘದ ಸಭೆಗೆ ಕರೆಯದೇ ಬಂದು, ಬಾಗಿಲಲ್ಲಿ ನಿಂತು, ‘ನಿಮ್ಮಿಂದಾನೇ ಸೋತ್ವಿ’ ಅಂದ. ಕಣ್ಣಲ್ಲಿ ನೀರಿತ್ತು. ನಾನು ಬಾಯಿ ಹಾಕಲು ಎದ್ದೆ. ನಾಯಕಿ ನನ್ನ ಕಡೆ ನೋಡದೆ, ‘ಬಾ, ಕೂತ್ಕೊ’ ಅಂತ ಅವನಿಗೆ ಜಾಗ ಮಾಡಿಕೊಟ್ಟಳು. ಸಮರ್ಥಿಸಿಕೊಳ್ಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ‘ಈಗೇನು ಮಾಡ್ಬೇಕು ಹೇಳು’ ಅಂದಳು. ಒಂದು ಗಂಟೆ ಮಾತಾಯಿತು, ಅದರಲ್ಲಿ ಅರ್ಧ ಕೂಗಾಟ. ಕೊನೆಗೆ ಪಂದ್ಯಾವಳಿಗೆ ಮುಂಚಿನ ಒಂದು ತಿಂಗಳು ಆರೂ ಸಂಜೆ ತಂಡಕ್ಕೆ, ಮಿಕ್ಕಂತೆ ಎರಡು ಸಂಜೆ ಎಲ್ಲರಿಗೂ, ಅಂತ ನಿಯಮ ತಿದ್ದಿದರು. ತಂಡದ ನಾಯಕನೂ ಕೈ ಎತ್ತಿದ. ನಾನು ಆ ಒಂದು ಗಂಟೆ ಮಾಡಿದ್ದು ಒಂದೇ ಕೆಲಸ, ಫ್ಯಾನಿನ ಸ್ವಿಚ್ ಹಾಕಿದ್ದು.

ಇದನ್ನು ಎಲ್ಲಿ ಬರೆಯಲಿ? ಕ್ರೀಡೆಯ ಕೆಳಗೆ ‘ಮೊದಲ ಸುತ್ತಿನಲ್ಲಿ ಪರಾಭವ’ ಅಂತಲೋ? ನಾಯಕತ್ವದ ಕೆಳಗೆ ‘ತಮ್ಮ ತೀರ್ಮಾನದಿಂದ ಶಾಲೆಗೆ ನಷ್ಟವಾಗಿರಬಹುದು ಅಂತ ಒಪ್ಪಿ ಅದನ್ನು ತಿದ್ದಿಕೊಂಡರು’ ಅಂತಲೋ? ಕೀರ್ತಿಯನ್ನು ಹೆಚ್ಚಿಸಿರುತ್ತಾರೆ ಅನ್ನುವ ವಾಕ್ಯ ಎರಡರ ಹಿಂದೆಯೂ ನಿಲ್ಲುವುದಿಲ್ಲ.

(ಕಲೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಬರೆದರೆ ಸಿಟ್ಟು ಬರುತ್ತದೆ. ‘ಪರಿಸರ ಸಂರಕ್ಷಣೆ’ ಅಂತ ವಿಷಯ ಕೊಟ್ಟರೆ ಅರವತ್ತು ಹಾಳೆಯಲ್ಲಿ ಐವತ್ತರಲ್ಲಿ ಎರಡು ಕೈಗಳು ಭೂಗೋಳವನ್ನು ಎತ್ತಿ ಹಿಡಿದಿರುತ್ತವೆ, ಮೇಲೊಂದು ಗಿಡ. ಯಾವುದಕ್ಕೆ ಬಹುಮಾನ ಬರುತ್ತದೆ ಅಂತ ಮಕ್ಕಳು ನಮ್ಮಿಂದಲೇ ಕಲಿತಿದ್ದಾರೆ. ಅಮೆರಿಕದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವ ಮೂವರು 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಬಣ್ಣದ ಪೆನ್ನು ಕಂಡರೆ ತಾವಾಗಿ ಓಡಿ ಬಂದು ಚಿತ್ರ ಬರೆಯುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ರಿಬ್ಬನ್ ಹಚ್ಚಿದ ಪ್ರಶಸ್ತಿ ಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿದರು, ಕೊಟ್ಟರು. ಒಂದೆರಡು ವಾರದ ಮೇಲೆ ನೋಡಿದರೆ ಆ ಮಕ್ಕಳು ಆ ಪೆನ್ನುಗಳ ಜೊತೆ ಕಳೆಯುತ್ತಿದ್ದ ಹೊತ್ತು ಮಿಕ್ಕವರದರಲ್ಲಿ ಸುಮಾರು ಅರ್ಧ. ಹೇಳದೆ ಕೊಟ್ಟಾಗ ಹಾಗೆ ಆಗಲಿಲ್ಲ. ನಮ್ಮ ಶಾಲೆಯಲ್ಲಿ ಪ್ರಶಸ್ತಿ ಪತ್ರಗಳು ಜೂನ್ ತಿಂಗಳಲ್ಲೇ ಅಚ್ಚಾಗಿ ಬೀರುವಿನಲ್ಲಿರುತ್ತವೆ.)

ಸೂಜಿ

ಇನ್ನೊಂದು, ವೃದ್ಧಾಶ್ರಮದ ಭೇಟಿ. ಸೇವೆಯನ್ನು ಗಂಟೆಯಲ್ಲಿ ಅಳೆಯುವುದು ಈಗ ಎಲ್ಲ ಕಡೆ ಇದೆ. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಹೈಸ್ಕೂಲು ಮುಗಿಸಲು 40 ಗಂಟೆಯ ಸಮುದಾಯ ಸೇವೆ ಕಡ್ಡಾಯ, ಅಮೆರಿಕದ ಮೇರಿಲ್ಯಾಂಡಿನಲ್ಲಿ 75. ಕಡ್ಡಾಯ ಮಾಡಿದ ಸೇವೆ ಸೇವೆಯೇ ಅಲ್ಲ ಅನ್ನುವವರಿದ್ದಾರೆ. ನಾನು ಅಷ್ಟು ಶುದ್ಧನಲ್ಲ. ಕಡ್ಡಾಯವಿಲ್ಲದಿದ್ದರೆ ಆ ದಿನ ನಮ್ಮ ಮಕ್ಕಳು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ, ಇದು ಸತ್ಯ.

ಇಪ್ಪತ್ತು ಮಕ್ಕಳು, ನಾನು, ಒಂದು ಬ್ಯಾನರ್. ಸಾಲಾಗಿ ನಿಂತು ಅಭ್ಯಾಸ ಮಾಡಿದ್ದ ಹಾಡು ಶುರು ಮಾಡಿದರು. ಎರಡನೆಯ ಚರಣಕ್ಕೆ ಬರುವಾಗ ಮುಂದಿನ ಕುರ್ಚಿಯಲ್ಲಿದ್ದ ಅಜ್ಜಿಯೊಬ್ಬರು ಕೈ ಎತ್ತಿ, ಬಸ್ ನಿಲ್ಲಿಸುವವರ ಹಾಗೆ, ಹಾಡನ್ನು ನಿಲ್ಲಿಸಿದರು. ‘ಈ ವಾರಕ್ಕೆ ನೀವು ಮೂರನೇ ಗುಂಪು ಕಣ್ರಪ್ಪಾ’ ಅಂದರು. ‘ಮೂರೂ ಜನ ಇದೇ ಹಾಡು. ಚೆನ್ನಾಗೇ ಹೇಳ್ತೀರಿ, ಬೇಡ ಅನ್ನಲ್ಲ. ಕಣ್ಣು ಚೆನ್ನಾಗಿರೋರು ಯಾರಾದ್ರೂ ಇದ್ದೀರಾ?’ ಮಕ್ಕಳು ನನ್ನ ಮುಖ ನೋಡಿದರು. ನಾನು ಬ್ಯಾನರ್ ನೋಡಿದೆ. ಅಜ್ಜಿ ಮಡಿಲಿನಿಂದ ತಗಡಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ಸೂಜಿಗಳು, ದಾರದ ಉಂಡೆಗಳು. ಹೊಲಿಯಲು ಕೈ ಈಗಲೂ ಬರುತ್ತದೆ, ದಾರ ಪೋಣಿಸಲು ಕಣ್ಣು ಬರುವುದಿಲ್ಲ, ಪ್ರತಿ ಸಲ ಯಾರನ್ನಾದರೂ ಕರೆಯಬೇಕು, ಕರೆದಾಗ ಅವರಿಗೆ ಬೇರೆ ಕೆಲಸ.

ಮೊದಲು ಕೂತವನು ಆ ವಾಲಿಬಾಲ್ ಅಂಪೈರ್. ಒಂದು ಸೂಜಿ ಪೋಣಿಸಿ ಕೊಟ್ಟು ಏಳಬಹುದಿತ್ತು. ಅವನು ಡಬ್ಬಿಯಲ್ಲಿದ್ದ ಅಷ್ಟೂ ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಗಂಟು ಬೀಳದ ಹಾಗೆ ಒಂದೊಂದನ್ನೂ ರಟ್ಟಿನ ತುಂಡಿಗೆ ಚುಚ್ಚಿ, ದಾರವನ್ನು ರಟ್ಟಿಗೇ ಸುತ್ತಿ ಇಟ್ಟ. ಬಿಳಿ ಒಂದು ಕಡೆ, ಕಪ್ಪು ಒಂದು ಕಡೆ. ನೋಡುತ್ತಿದ್ದ ಹಾಗೆ ಇನ್ನೂ ಮೂರು ಅಜ್ಜಿಯರ ಡಬ್ಬಿಗಳು ಹೊರಬಂದವು. ಒಬ್ಬ ತಾತ ತಮ್ಮ ಮೊಬೈಲು ತಂದು, ಅಕ್ಷರ ದೊಡ್ಡದು ಮಾಡಿಕೊಡಲು ಹೇಳಿದರು. ಇನ್ನೊಬ್ಬರು ಕಾಲಿನ ಉಗುರು ತೋರಿಸಿ ಕೇಳಲೋ ಬೇಡವೋ ಅಂತ ಸಂಕೋಚಪಟ್ಟರು, ನಮ್ಮ ನಾಯಕಿ ಉಗುರುಕತ್ತರಿ ಹುಡುಕಿಕೊಂಡು ಬಂದು ನೆಲದ ಮೇಲೆ ಕೂತಳು. ಬ್ಯಾನರ್ ಮುಂದೆ ಫೋಟೋ ತೆಗೆಯುವುದು ಮರೆತೇಹೋಯಿತು. ಹೊರಡುವಾಗ ಆ ಅಜ್ಜಿ ಅಂಪೈರನ್ನು ಕರೆದು, ‘ರಟ್ಟು ಖಾಲಿಯಾಗೋ ಹೊತ್ತಿಗೆ ಬಾ ಮಗಾ’ ಅಂದರು. ‘ಎಷ್ಟು ದಿನಕ್ಕೆ ಖಾಲಿ ಆಗುತ್ತೆ ಅಜ್ಜಿ?’ ಅಂತ ಅವನು ಕೇಳಿದ, ಕೇಳಿ ಬೆರಳಲ್ಲಿ ಲೆಕ್ಕ ಹಾಕಿದ. ಆಮೇಲೆ ಅವನು ಹೋಗಿದ್ದಾನೆ, ಒಂದಕ್ಕಿಂತ ಹೆಚ್ಚು ಸಲ, ನನಗೆ ಹೇಳದೆ. ನನಗೆ ಗೊತ್ತಾದದ್ದು ಅವನ ಅಮ್ಮ ದಾರದ ಉಂಡೆ ಎಲ್ಲಿ ಹೋಗುತ್ತಿದೆ ಅಂತ ವಿಚಾರಿಸಲು ಶಾಲೆಗೆ ಬಂದಾಗ.

ಕರಡಿನಲ್ಲಿ ನಾನು ಬರೆದದ್ದು: ‘ವೃದ್ಧಾಶ್ರಮಕ್ಕೆ ಭೇಟಿ ನೀಡಿ ಗೀತಗಾಯನ ನಡೆಸಿಕೊಟ್ಟರು.’

ವರದಿಯನ್ನು ವೇದಿಕೆಯಲ್ಲಿ ಓದುವುದು ಶಾಲಾ ನಾಯಕಿ. ಹೋದ ಮಂಗಳವಾರ ಅಭ್ಯಾಸಕ್ಕೆ ಅಂತ ಕರಡು ಕೇಳಿಕೊಂಡು ಬಂದಳು. ನಿಂತೇ ಓದಿದಳು. ಮೈದಾನದ ವಿಷಯ ಇಲ್ಲದ್ದಕ್ಕೆ ಏನೂ ಅನ್ನಲಿಲ್ಲ. ಸೇವೆಯ ತಲೆಬರಹಕ್ಕೆ ಬಂದಾಗ ನಿಂತಳು. ‘ಸರ್, ನಾವು ಹಾಡು ಪೂರ್ತಿ ಹೇಳ್ಲೇ ಇಲ್ವಲ್ಲ?’ ಅಂದಳು. ಹೌದಮ್ಮ ಅಂದೆ. ‘ಸೂಜಿದು ಬರೀಬಹುದಲ್ವಾ?’ ಬರೆದರೆ ಎಚ್.ಎಂ. ಹೊಡೆದುಹಾಕುತ್ತಾರೆ ಅಂದೆ. ಅವರು ಹೊಡೆಯುತ್ತಾರೋ ಇಲ್ಲವೋ ನೋಡೋಣ ಅನ್ನುವಂತೆ ನನ್ನ ಪೆನ್ನಿನ ಕಡೆ ನೋಡಿದಳು, ಬಾಯಲ್ಲಿ ಹೇಳಲಿಲ್ಲ. ಬರೆದೆ. ಅಂಪೈರ್ ಹುಡುಗನ ಹೆಸರನ್ನೂ ಬರೆದೆ, ದುಂಡಗೆ. ‘ಹಿರಿಯರ ಸೂಜಿಗಳಿಗೆ ದಾರ ಪೋಣಿಸಿಕೊಟ್ಟರು’ ಅಂತ. ಮೈದಾನದ ಎರಡು ಸಂಜೆಗಳನ್ನೂ ನಾಲ್ಕು ಸಾಲಿನಲ್ಲಿ ಬರೆದು, ಯಾವ ತಲೆಬರಹವೂ ಇಲ್ಲದೆ, ಕ್ರೀಡೆಗೂ ನಾಯಕತ್ವಕ್ಕೂ ನಡುವಿನ ಖಾಲಿ ಜಾಗದಲ್ಲಿ ಇಟ್ಟೆ.

ನಿನ್ನೆ ಹೆಡ್ ಮಾಸ್ಟರ್ ಕೋಣೆಯಿಂದ ಕರಡು ವಾಪಸು ಬಂತು. ಮೈದಾನದ ನಾಲ್ಕು ಸಾಲುಗಳ ಮೇಲೆ ಒಂದು ಅಡ್ಡಗೆರೆ, ಪಕ್ಕದಲ್ಲಿ ‘ಇದು ಬೇಕೇ?’ ಪೂರ್ತಿ ಬೇಡ ಅಂದಿಲ್ಲ, ಪ್ರಶ್ನಾರ್ಥಕ ಚಿಹ್ನೆ ಇದೆ. ಸೂಜಿಯ ಸಾಲನ್ನು ಹೊಡೆದಿರಲಿಲ್ಲ, ತಿದ್ದಿದ್ದರು. ಈಗ ಅದು ಹೀಗಿದೆ: ‘ಹಿರಿಯ ನಾಗರಿಕರಿಗೆ ಹೊಲಿಗೆ ಸಾಮಗ್ರಿಗಳ ನೆರವು ನೀಡಿರುತ್ತಾರೆ.’ ಹುಡುಗನ ಹೆಸರು ಹಾಗೇ ಉಳಿದಿದೆ.

ಸ್ವಚ್ಛ ಪ್ರತಿ ಮಾಡಿ ಅವಳಿಗೆ ಕೊಟ್ಟೆ. ಹಾಳೆಯನ್ನು ಒಮ್ಮೆ ನೋಡಿ, ಮಡಚಿ, ಪುಸ್ತಕದೊಳಗೆ ಇಟ್ಟುಕೊಂಡಳು. ಹಳೆಯ ಕರಡನ್ನೂ ಕೇಳಿದಳು, ಅಕ್ಷರ ಅದರಲ್ಲೇ ಸ್ಪಷ್ಟವಾಗಿದೆಯಂತೆ. ಅದನ್ನೂ ಕೊಟ್ಟೆ. ವಾರ್ಷಿಕೋತ್ಸವ ಬರುವ ಶನಿವಾರ.